ಕೇಳಿದ ಮಾತು, ಬರೆದ ಟಿಪ್ಪಣಿ

ಕ್ರಿ.ಶ. 1662ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬನು ತಾನು ಅದುವರೆಗೆ ಮಾಡಿದ ತಪ್ಪುಗಳನ್ನೆಲ್ಲ ಒಂದು ಚಿಕ್ಕ ಪುಸ್ತಕದಲ್ಲಿ ಪಟ್ಟಿಮಾಡಿದನು. ಬೇರೆಯವರು ಓದಬಾರದೆಂದೋ ಏನೋ, ಅದನ್ನು ಶೀಘ್ರಲಿಪಿಯಲ್ಲಿ ಬರೆದನು. ಭಾನುವಾರದ ರಾತ್ರಿ ತಿನಿಸು ಮಾಡಿದ್ದು, ದೇವರಿಗಿಂತ ಹೆಚ್ಚಾಗಿ ಹಣದ ಮೇಲೂ ವಿದ್ಯೆಯ ಮೇಲೂ ಮನಸ್ಸಿಟ್ಟದ್ದು ಮೊದಲಾದುವುಗಳ ಸಾಲಿನಲ್ಲಿ ಇನ್ನೊಂದು ತಪ್ಪೂ ಇದೆ: ಚರ್ಚಿನಲ್ಲಿ ಅನೇಕ ಪ್ರಸಂಗಗಳನ್ನು ಅಲಕ್ಷ್ಯದಿಂದ ಕೇಳಿದ್ದು, ಅವುಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದರಲ್ಲಿಯೂ ಅಷ್ಟೇ ಅಲಕ್ಷ್ಯ ತೋರಿದ್ದು. ಆ ವಿದ್ಯಾರ್ಥಿಯ ಹೆಸರು ಐಸಾಕ್ ನ್ಯೂಟನ್. ಮುಂದೆ ಗ್ರಹಗಳ ಚಲನೆಯನ್ನು ಲೆಕ್ಕಕ್ಕೆ ಸಿಕ್ಕಿಸಿದ ಆ ಮಹಾಬುದ್ಧಿಗೂ ಒಂದು ಗಂಟೆಯ ಉಪನ್ಯಾಸದ ಮೇಲೆ ಗಮನವನ್ನು ನಿಲ್ಲಿಸುವುದು ಸುಲಭವಾಗಿರಲಿಲ್ಲ.

ಇದು ನ್ಯೂಟನ್ನನೊಬ್ಬನ ಕಷ್ಟವಲ್ಲ. ಚರ್ಚಿನ ಪ್ರಸಂಗವಾಗಲಿ, ಕಾಲೇಜಿನ ಪಾಠವಾಗಲಿ, ಮಠದ ಪ್ರವಚನವಾಗಲಿ, ಕೇಳುವಾಗ ಎಲ್ಲವೂ ಸ್ಪಷ್ಟವಾಗಿರುವಂತೆ ತೋರುತ್ತದೆ. ಮರುದಿನ ಹೇಳಹೊರಟರೆ ಒಂದೆರಡು ಕಥೆಗಳ ಹೊರತು ಏನೂ ಉಳಿದಿರುವುದಿಲ್ಲ. ಈ ನಷ್ಟವನ್ನು ತಡೆಯುವ ಸಾಧನವೇ ಟಿಪ್ಪಣಿ. ಆದರೆ ಎಲ್ಲ ಟಿಪ್ಪಣಿಗಳೂ ಉಪಯುಕ್ತವಲ್ಲ. ಯಾವುದು ಉಪಯುಕ್ತ, ಏಕೆ ಉಪಯುಕ್ತ ಎಂಬ ಪ್ರಶ್ನೆಗೆ ಇಂದು ಮನಶ್ಶಾಸ್ತ್ರವು ಸಾಕಷ್ಟು ಖಚಿತವಾದ ಉತ್ತರವನ್ನು ಕೊಡಬಲ್ಲದು. ಆ ಉತ್ತರದ ಬಹುಭಾಗವು ಮುನ್ನೂರು ನಾನ್ನೂರು ವರ್ಷಗಳ ಹಿಂದಿನ ಪ್ರಸಂಗಶ್ರೋತೃಗಳ ಅಭ್ಯಾಸದಲ್ಲಿಯೇ ಅಡಗಿತ್ತೆಂಬುದು ಕುತೂಹಲಕರವಾದ ಸಂಗತಿ.

ನಾಲಗೆಯ ವೇಗ, ಲೇಖನಿಯ ವೇಗ

ಮೊದಲು ಒಂದು ಸರಳವಾದ ಲೆಕ್ಕವನ್ನು ಮಾಡೋಣ. ಇಂಗ್ಲಿಷಿನಲ್ಲಿ ನಿಧಾನವಾಗಿ ಉಪನ್ಯಾಸ ಮಾಡುವವನು ನಿಮಿಷಕ್ಕೆ ಸುಮಾರು 120ರಿಂದ 150 ಪದಗಳನ್ನು ಆಡುತ್ತಾನೆ. ಕೈಬರಹದಲ್ಲಿ ಸಾಮಾನ್ಯ ಮನುಷ್ಯನು ನಿಮಿಷಕ್ಕೆ 20ರಿಂದ 30 ಪದಗಳನ್ನು ಬರೆಯಬಲ್ಲನು. ಅರ್ಧ ಗಂಟೆಯ ಪ್ರಸಂಗವೆಂದರೆ ಕಡಿಮೆಯೆಂದರೂ 3,600 ಪದಗಳಾದುವು. ತಲೆಯೆತ್ತದೆ, ಕೈನಿಲ್ಲಿಸದೆ ಬರೆದರೂ ಅದರಲ್ಲಿ 900 ಪದಗಳನ್ನು ಮೀರಿ ಹಿಡಿಯಲಾಗದು. ನಾಲ್ಕರಲ್ಲಿ ಮೂರು ಪಾಲು ತಪ್ಪಿಯೇ ಹೋಗುತ್ತದೆ.

ಕನ್ನಡಕ್ಕೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು. ನಮ್ಮ ಭಾಷೆಯಲ್ಲಿ ವಿಭಕ್ತಿ, ಕಾಲ, ನಿಷೇಧ, ಸಂದೇಹಗಳೆಲ್ಲವೂ ಪದದ ಬೆನ್ನಿಗೆ ಅಂಟಿಕೊಳ್ಳುತ್ತವೆ. ‘ಹೋಗಬೇಕಾಗಿದ್ದುದರಿಂದ’ ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನವನಿಗೆ ಅದು ಐದಾರು ಪದ. ಆದಕಾರಣ ಕನ್ನಡ ವಾಗ್ಮಿಯು ನಿಮಿಷಕ್ಕೆ ಆಡುವ ಪದಗಳ ಸಂಖ್ಯೆ ಕಡಿಮೆಯಾದರೂ ಅಕ್ಷರಗಳ ಸಂಖ್ಯೆ ಕಡಿಮೆಯಲ್ಲ. ಇದರ ಮೇಲೆ ಒತ್ತಕ್ಷರ, ದೀರ್ಘ, ಕೊಂಬುಗಳಿಗಾಗಿ ಲೇಖನಿಯನ್ನು ಮತ್ತೆ ಮತ್ತೆ ಎತ್ತಿ ಇಳಿಸಬೇಕು. ಅಂತು, ಯಾವ ಭಾಷೆಯಲ್ಲಿಯೇ ಆಗಲಿ, ಲೇಖನಿಯು ನಾಲಗೆಯನ್ನು ಹಿಡಿಯಲಾರದು.

ಬರೆಯುವಾಗ ಮನಸ್ಸಿಗೂ ಒಂದು ಮಿತಿಯುಂಟು. ಈ ಕ್ಷಣದಲ್ಲಿ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ಸ್ಮೃತಿಯು ಬಹಳ ಸಣ್ಣ ಪಾತ್ರೆ. ಅಮೆರಿಕದ ಜಾರ್ಜ್ ಮಿಲ್ಲರನು 1956ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಅದರ ಅಳತೆಯನ್ನು ಸುಮಾರು ಏಳು ಅಂಶಗಳೆಂದು ಸೂಚಿಸಿದನು. 2001ರಲ್ಲಿ ನೆಲ್ಸನ್ ಕೋವನ್ ಎಂಬ ಸಂಶೋಧಕನು ಅದು ನಾಲ್ಕರ ಆಸುಪಾಸು ಮಾತ್ರವೆಂದು ವಾದಿಸಿದನು. ಕಿವಿಯಿಂದ ಬಂದ ಮಾತನ್ನು ಒಳಗೊಳಗೇ ಆವರ್ತಿಸಿ ಉಳಿಸಿಕೊಳ್ಳುವ ಶಕ್ತಿಯು ಸುಮಾರು ಎರಡು ಸೆಕೆಂಡುಗಳ ಮಾತಿಗೆ ಮಾತ್ರ ಸಾಲುವುದೆಂದು ಇಂಗ್ಲೆಂಡಿನ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ಹೀಗಿರುವಾಗ, ಹಿಂದಿನ ವಾಕ್ಯವನ್ನು ಪೂರ್ತಿಯಾಗಿ ಬರೆಯುವ ಹಟ ತೊಟ್ಟವನು ಮುಂದಿನ ವಾಕ್ಯವನ್ನು ಕಳೆದುಕೊಳ್ಳಲೇಬೇಕು. ಅವನ ಪುಸ್ತಕದಲ್ಲಿ ತುಂಡುವಾಕ್ಯಗಳು ತುಂಬುತ್ತವೆ; ವಾದದ ಎಳೆಯು ಮಾತ್ರ ಕೈತಪ್ಪಿರುತ್ತದೆ.

ಶೀಘ್ರಲಿಪಿಯ ಹುಟ್ಟು ಬೆಳವಣಿಗೆ

ಈ ಕೊರತೆಯನ್ನು ತುಂಬಲು ಮನುಷ್ಯನು ಹೂಡಿದ ಮೊದಲ ಉಪಾಯವು ಲೇಖನಿಯ ವೇಗವನ್ನು ಹೆಚ್ಚಿಸುವುದು. ಪ್ರಾಚೀನ ರೋಮಿನ ವಾಗ್ಮಿ ಸಿಸಿರೋವಿನ ಬಳಿಯಿದ್ದ ಟೈರೋ ಎಂಬವನ ಹೆಸರಿನಲ್ಲಿ ಒಂದು ಸಂಕೇತಲಿಪಿಯು ಯೂರೋಪಿನಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಉತ್ತರ ಆಫ್ರಿಕದ ಹಿಪ್ಪೋ ನಗರದಲ್ಲಿ ಬಿಷಪ್ಪನಾಗಿದ್ದು 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನನು ಬರೆದಿಟ್ಟುಕೊಳ್ಳದೆಯೇ ಉಪದೇಶ ಮಾಡುತ್ತಿದ್ದನು. ಅವನ ನೂರಾರು ಉಪದೇಶಗಳು ಇಂದು ನಮಗೆ ದೊರೆತಿರುವುದು ಎದುರಿಗೆ ಕುಳಿತು ಬರೆದುಕೊಂಡ ಲಿಪಿಕಾರರ ದೆಸೆಯಿಂದ. ಹದಿನಾರನೆಯ ಶತಮಾನದಲ್ಲಿ ಜಿನೀವದ ಕ್ಯಾಲ್ವಿನನೂ ಹಾಗೆಯೇ ನಿರರ್ಗಳವಾಗಿ ಮಾತನಾಡುತ್ತಿದ್ದನು. 1549ರಿಂದ ದೆನಿ ರಾಗನಿಯೇ ಎಂಬ ಫ್ರೆಂಚ್ ನಿರಾಶ್ರಿತನನ್ನು ಅದೇ ಕೆಲಸಕ್ಕೆ ನೇಮಿಸಿ, ಅವನಿಂದ ಎರಡು ಸಾವಿರಕ್ಕೂ ಮಿಕ್ಕ ಪ್ರಸಂಗಗಳನ್ನು ಬರೆಸಿಕೊಳ್ಳಲಾಯಿತು. ಶ್ರಮದಿಂದ ಸಂಗ್ರಹಿಸಿದ ಆ ಹಸ್ತಪ್ರತಿಗಳಲ್ಲಿ ಬಹುಪಾಲನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹಳೆಯ ಕಾಗದದ ತೂಕಕ್ಕೆ ಮಾರಿಬಿಟ್ಟರು!

ಇಂಗ್ಲೆಂಡಿನಲ್ಲಿ ಈ ವಿದ್ಯೆಯು ಸಾಮಾನ್ಯ ಜನರ ಕೈಗೆ ಬಂದಿತು. 1588ರಲ್ಲಿ ತಿಮೊಥಿ ಬ್ರೈಟ್ ಎಂಬ ವೈದ್ಯನು ಒಂದು ಸಂಕೇತಲಿಪಿಯ ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಐನೂರಕ್ಕೂ ಹೆಚ್ಚು ಪದಗಳಿಗೆ ಒಂದೊಂದು ಗುರುತು. ಪಟ್ಟಿಯಲ್ಲಿಲ್ಲದ ಪದವು ಬಂದರೆ, ಅದಕ್ಕೆ ಸಮೀಪಾರ್ಥವುಳ್ಳ ಪದದ ಗುರುತನ್ನು ಹಾಕಿ ಪಕ್ಕದಲ್ಲಿ ಮೂಲಪದದ ಮೊದಲನೆಯ ಅಕ್ಷರವನ್ನು ಸೂಚಿಸಬೇಕಾಗಿತ್ತು. ಮನೆಗೆ ಹೋಗಿ ಬಿಡಿಸಿ ಬರೆಯುವಾಗ ಒಂದು ಪದಕ್ಕೆ ಬದಲು ಇನ್ನೊಂದು ಪದವು ನುಸುಳುವುದಕ್ಕೆ ಇದರಿಂದ ಎಷ್ಟು ಅವಕಾಶವಾಯಿತೆಂಬುದನ್ನು ಊಹಿಸಬಹುದು. ಆಗಿನ ಜನಪ್ರಿಯ ಉಪದೇಶಕನಾದ ಹೆನ್ರಿ ಸ್ಮಿತ್ತನ ಪ್ರಸಂಗಗಳು ಇಂತಹ ಟಿಪ್ಪಣಿಗಳ ಆಧಾರದಿಂದ ಅಚ್ಚಾಗಿ ಮಾರಾಟವಾದುವು. 1602ರಲ್ಲಿ ಜಾನ್ ವಿಲ್ಲಿಸನು ಪದಕ್ಕೆ ಬದಲು ಅಕ್ಷರದ ಧ್ವನಿಯನ್ನೇ ಆಧಾರವಾಗಿ ಹಿಡಿದು ಹೊಸ ಪದ್ಧತಿಯನ್ನು ರಚಿಸಿದನು. 1626ರಲ್ಲಿ ಪ್ರಕಟವಾದ ಥಾಮಸ್ ಶೆಲ್ಟನ್ನನ ಪದ್ಧತಿಯು ಬಹಳ ಹರಡಿತು. ನ್ಯೂಟನ್ ತನ್ನ ತಪ್ಪುಗಳ ಪಟ್ಟಿಯನ್ನೂ, ಸ್ಯಾಮ್ಯುಯಲ್ ಪೀಪ್ಸ್ 1660ರಿಂದ 1669ರ ಪರ್ಯಂತ ತನ್ನ ದಿನಚರಿಯನ್ನೂ ಬರೆದುದು ಇದೇ ಲಿಪಿಯಲ್ಲಿ.

ಮೊರೇವಿಯ ದೇಶದ ಶಿಕ್ಷಣತಜ್ಞ ಕೊಮೇನಿಯಸನು 1641ರಲ್ಲಿ ಲಂಡನ್ನಿಗೆ ಬಂದಾಗ, ಚರ್ಚುಗಳಲ್ಲಿ ಗಂಡಸರೂ ಹುಡುಗರೂ ಗುಂಪುಗುಂಪಾಗಿ ಪ್ರಸಂಗಗಳನ್ನು ಬರೆದುಕೊಳ್ಳುತ್ತಿದ್ದುದನ್ನು ಕಂಡು ಬೆರಗಾಗಿ ಸ್ನೇಹಿತರಿಗೆ ಕಾಗದ ಬರೆದನು. ಈ ಅಭ್ಯಾಸವು ಗಂಡಸರಿಗೇ ಮೀಸಲಾಗಿರಲಿಲ್ಲ. ಯಾರ್ಕ್‌ಷೈರಿನ ಲೇಡಿ ಮಾರ್ಗರೆಟ್ ಹೋಬಿಯು 1599ರಿಂದ 1605ರ ವರೆಗೆ ಬರೆದ ದಿನಚರಿಯಲ್ಲಿ, ಕೇಳಿದ ಪ್ರಸಂಗಗಳ ಟಿಪ್ಪಣಿಗಳನ್ನು ತಾನು ಬರೆದಿಟ್ಟ ಸಂಗತಿಯು ಮತ್ತೆ ಮತ್ತೆ ಬರುತ್ತದೆ.

ಇಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಶೀಘ್ರಲಿಪಿಯನ್ನು ಕಲಿಯಬೇಕೆ? ಅಗತ್ಯವಿಲ್ಲ. ಕನ್ನಡದಲ್ಲಿಯೂ ಶೀಘ್ರಲಿಪಿಯುಂಟು, ಅದಕ್ಕೆ ಪರೀಕ್ಷೆಗಳೂ ಉಂಟು. ಕಚೇರಿಯ ಕೆಲಸಕ್ಕೆ ಅದು ಉಪಯುಕ್ತ. ಇಡೀ ಪ್ರಸಂಗವು ಅಕ್ಷರಶಃ ಬೇಕಾದವರಿಗೆ ಇಂದು ಧ್ವನಿಮುದ್ರಣಯಂತ್ರವು ಜೇಬಿನಲ್ಲಿಯೇ ಇದೆ. ಆದರೆ ಮುದ್ರಿಸಿಕೊಂಡ ಧ್ವನಿಯು ಯಂತ್ರದಲ್ಲಿರುತ್ತದೆ, ನಮ್ಮಲ್ಲಿರುವುದಿಲ್ಲ. ಟಿಪ್ಪಣಿಯ ನಿಜವಾದ ಪ್ರಯೋಜನವು ಬೇರೆಡೆ ಇದೆ.

ಮರೆವಿನ ಲೆಕ್ಕ

ಮರೆವನ್ನು ಮೊಟ್ಟಮೊದಲು ಅಳೆದು ನೋಡಿದವನು ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ. ಅರ್ಥವಿಲ್ಲದ ಅಕ್ಷರಗುಚ್ಛಗಳ ಸಾಲುಗಳನ್ನು ಬಾಯಿಪಾಠ ಮಾಡುವುದು, ನಿಯತಕಾಲ ಕಳೆದ ಮೇಲೆ ಅವನ್ನೇ ಮತ್ತೆ ಕಲಿಯುವುದು, ಎರಡನೆಯ ಸಲ ಎಷ್ಟು ಶ್ರಮವು ಉಳಿಯಿತೆಂದು ಲೆಕ್ಕಹಾಕುವುದು, ಇದು ಅವನ ಪ್ರಯೋಗಕ್ರಮ. ಪ್ರಯೋಗಿಸಿದವನೂ ಅವನೇ, ಪ್ರಯೋಗಕ್ಕೊಳಗಾದವನೂ ಅವನೇ. 1885ರಲ್ಲಿ ಅವನು ಪ್ರಕಟಿಸಿದ ಫಲಿತಾಂಶವು ಹೀಗಿದೆ: ಇಪ್ಪತ್ತು ನಿಮಿಷಗಳ ಬಳಿಕ ನೂರಕ್ಕೆ 58ರಷ್ಟು ಶ್ರಮವು ಉಳಿಯಿತು, ಒಂದು ಗಂಟೆಯ ಬಳಿಕ 44, ಒಂದು ದಿನದ ಬಳಿಕ 34, ಆರು ದಿನಗಳ ಬಳಿಕ 25, ಮೂವತ್ತೊಂದು ದಿನಗಳ ಬಳಿಕ 21.

ಈ ಅಂಕಿಗಳನ್ನು ಗಮನವಿಟ್ಟು ನೋಡಿರಿ. ಮರೆವು ಒಂದೇ ವೇಗದಲ್ಲಿ ನಡೆಯುವುದಿಲ್ಲ. ಮೊದಲನೆಯ ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಹೋಯಿತು; ಆದರೆ ಆರನೆಯ ದಿನದಿಂದ ಮೂವತ್ತೊಂದನೆಯ ದಿನದವರೆಗೆ ಹೋದುದು ನಾಲ್ಕು ಪಾಲು ಮಾತ್ರ. ಆಮ್‌ಸ್ಟರ್‌ಡಾಮಿನ ಸಂಶೋಧಕರು ಇದೇ ಪ್ರಯೋಗವನ್ನು ಪುನಃ ಮಾಡಿ 2015ರಲ್ಲಿ ಪ್ರಕಟಿಸಿದಾಗ ವಕ್ರರೇಖೆಯ ರೂಪವು ಬಹುಮಟ್ಟಿಗೆ ಹಾಗೆಯೇ ಬಂದಿತು. ಪ್ರಸಂಗವೇನೂ ಅರ್ಥವಿಲ್ಲದ ಅಕ್ಷರಗಳ ಸಾಲಲ್ಲ. ಅದರಲ್ಲಿ ಕಥೆಯುಂಟು, ವಾದವುಂಟು, ಪರಿಚಿತವಾದ ವಿಷಯವುಂಟು. ಆದುದರಿಂದ ಅದರ ನಷ್ಟವು ಇಷ್ಟು ತೀವ್ರವಾಗಿರದು. ಆದರೂ ಮೊದಲಿನ ಕೆಲವು ಗಂಟೆಗಳೇ ಅಪಾಯದ ಕಾಲವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಭಾನುವಾರ ಬೆಳಗ್ಗೆ ಬರೆದ ಟಿಪ್ಪಣಿಯನ್ನು ಶನಿವಾರ ತೆರೆದು ನೋಡುವುದಕ್ಕಿಂತ ಅದೇ ಸಂಜೆ ನೋಡುವುದು ಲಾಭಕರ.

ಮರೆವಿಗಿಂತಲೂ ಮೋಸದ ಶತ್ರು ಇನ್ನೊಂದುಂಟು. ಅದು ತಪ್ಪು ನೆನಪು. ಕೇಂಬ್ರಿಜಿನ ಬಾರ್ಟ್‌ಲೆಟ್ಟನು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸ್ವಾರಸ್ಯವಾಗಿ ತೋರಿಸಿದ್ದಾನೆ. ಅಮೆರಿಕದ ಮೂಲನಿವಾಸಿಗಳ ಒಂದು ವಿಚಿತ್ರ ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಕಾಲಾಂತರದಲ್ಲಿ ಹೇಳಿಸಿದಾಗ, ಅವರಿಗೆ ಅಪರಿಚಿತವಾದ ಭಾಗಗಳು ಬಿದ್ದುಹೋದುವು. ಮೂಲದ ‘ಕನೂ’ ಸಾಮಾನ್ಯ ದೋಣಿಯಾಯಿತು. ಅಸಂಬದ್ಧವೆಂದು ತೋರಿದ ಕಡೆ ಹೇಳುವವರೇ ಕಾರಣವನ್ನು ಕಲ್ಪಿಸಿ ಜೋಡಿಸಿದರು. ತಾವು ಬದಲಾಯಿಸುತ್ತಿದ್ದೇವೆಂಬ ಅರಿವು ಅವರಿಗಿರಲಿಲ್ಲ. ಮನಸ್ಸು ಕೇಳಿದ್ದನ್ನು ಪೆಟ್ಟಿಗೆಯಲ್ಲಿಟ್ಟು ಹಾಗೆಯೇ ತೆಗೆದುಕೊಡುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಕಟ್ಟುತ್ತದೆ. ಆ ಕಟ್ಟಡವು ಮೂಲಕ್ಕೆ ನಿಷ್ಠವಾಗಿದೆಯೇ ಎಂದು ನೋಡುವ ತೂಗುಗುಂಡು ಟಿಪ್ಪಣಿಯೇ.

ಪ್ರಸಂಗದ ಅಸ್ಥಿಪಂಜರ

ಎಲ್ಲವನ್ನೂ ಬರೆಯಲಾಗದೆಂದ ಮೇಲೆ, ಏನನ್ನು ಬರೆಯಬೇಕು? ಪ್ರಸಂಗದ ರಚನೆಯನ್ನು ಬಲ್ಲವನಿಗೆ ಇದು ಕಷ್ಟವಲ್ಲ. ವಿಲಿಯಮ್ ಪರ್ಕಿನ್ಸ್ ಎಂಬ ಇಂಗ್ಲಿಷ್ ದೈವಶಾಸ್ತ್ರಜ್ಞನು 1592ರಲ್ಲಿ ಉಪದೇಶದ ಕಲೆಯನ್ನು ಕುರಿತು ಲ್ಯಾಟಿನಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಮೊದಲು ಶಾಸ್ತ್ರವಾಕ್ಯವನ್ನು ಓದುವುದು, ಅದರ ಅರ್ಥವನ್ನು ಬಿಡಿಸುವುದು, ಅದರಿಂದ ಒಂದು ತತ್ತ್ವವನ್ನು ಎತ್ತುವುದು, ಕೊನೆಗೆ ಜೀವನಕ್ಕೆ ಅದರ ಅನ್ವಯವನ್ನು ಹೇಳುವುದು, ಇವು ಅವನು ಹೇಳಿದ ಮೆಟ್ಟಿಲುಗಳು. ಪ್ಯೂರಿಟನ್ ಪಂಥದ ಉಪದೇಶಕರು ಇದನ್ನೇ ಅನುಸರಿಸಿ, ತತ್ತ್ವಕ್ಕೆ ಕಾರಣಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ ಹೇಳುತ್ತಿದ್ದರು. ಕೇಳುವವನು ಆ ಸಂಖ್ಯೆಗಳನ್ನು ಪುಟದ ಅಂಚಿನಲ್ಲಿ ಹಾಕಿಕೊಂಡರೆ ಸಾಕು, ಪ್ರಸಂಗದ ಅಸ್ಥಿಪಂಜರವು ತಾನಾಗಿಯೇ ಮೂಡುತ್ತಿತ್ತು. ಉಪದೇಶಪೀಠದ ಮೇಲೆ ಮರಳುಗಡಿಯಾರವನ್ನಿಟ್ಟು ಗಂಟೆಗಟ್ಟಲೆ ಮಾತನಾಡುತ್ತಿದ್ದ ಕಾಲದಲ್ಲಿ ಈ ಅನುಕೂಲವು ಅಲ್ಪವಲ್ಲ.

ಇಂದಿನ ಸಭಾಪಾಲಕರು ಎಣಿಸಿ ಹೇಳದಿದ್ದರೂ ಮಾತಿನಲ್ಲಿ ಕೈಮರಗಳನ್ನು ನೆಟ್ಟೇ ಇರುತ್ತಾರೆ. ‘ಇನ್ನೊಂದು ವಿಷಯವೇನೆಂದರೆ’, ‘ಇದಕ್ಕೆ ಕಾರಣ’, ‘ಆದರೆ’, ‘ಆದುದರಿಂದ’, ‘ಕಡೆಯದಾಗಿ’ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ಲೇಖನಿಯು ಎಚ್ಚರಗೊಳ್ಳಬೇಕು. ದನಿಯು ತಗ್ಗಿ ಮಾತು ನಿಂತ ಕಡೆ, ಒಂದೇ ವಾಕ್ಯವನ್ನು ಎರಡು ಸಲ ಹೇಳಿದ ಕಡೆ, ಆರಂಭದಲ್ಲಿ ಓದಿದ ಶಾಸ್ತ್ರವಾಕ್ಯಕ್ಕೆ ಹಿಂದಿರುಗಿದ ಕಡೆ ಸಾಮಾನ್ಯವಾಗಿ ಮುಖ್ಯ ವಿಷಯವಿರುತ್ತದೆ. ಕಥೆಯನ್ನು ಹೇಳುವಾಗ ಲೇಖನಿಯನ್ನು ಕೆಳಗಿಟ್ಟು ಕೇಳಬಹುದು. ಅದರ ಹೆಸರನ್ನೂ, ಅದು ಯಾವ ಮಾತಿಗೆ ದೃಷ್ಟಾಂತವೆಂಬುದನ್ನೂ ಎರಡು ಪದಗಳಲ್ಲಿ ಗುರುತಿಸಿದರೆ ಸಾಕು. ಕಥೆಯು ತಾನಾಗಿ ನೆನಪಿರುತ್ತದೆ. ಅದನ್ನೇಕೆ ಹೇಳಿದರೆಂಬುದೇ ಮರೆತುಹೋಗುವುದು.

ಒಂದು ಮಾದರಿ

ಪುಟವನ್ನು ಹೇಗೆ ವಿಭಾಗಿಸಬೇಕು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಪಾಕ್ ಎಂಬ ಅಧ್ಯಾಪಕನು 1962ರಲ್ಲಿ ಪ್ರಕಟವಾದ ಪುಸ್ತಕದಿಂದ ಪ್ರಚಾರಕ್ಕೆ ತಂದ ಕ್ರಮವು ಸುಲಭವಾಗಿದೆ. ಪುಟದ ಎಡಗಡೆ ಮೂರನೆಯ ಒಂದು ಭಾಗದಷ್ಟು ಅಂಚನ್ನು ಗೆರೆ ಎಳೆದು ಖಾಲಿ ಬಿಡಬೇಕು. ಬಲಗಡೆ ಕೇಳುವಾಗಿನ ಟಿಪ್ಪಣಿ. ಕೆಳಗೆ ನಾಲ್ಕು ಬೆರಳಗಲ ಜಾಗ. ಎಡದ ಅಂಚೂ ಕೆಳಗಿನ ಜಾಗವೂ ಆಮೇಲೆ ತುಂಬತಕ್ಕವು.

ಉದಾಹರಣೆಗೆ, ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬರುವ ಬಿತ್ತುವವನ ಸಾಮ್ಯವನ್ನು ಕುರಿತು ಅರ್ಧ ಗಂಟೆಯ ಪ್ರಸಂಗವು ನಡೆಯಿತೆಂದು ಭಾವಿಸೋಣ. ಬಲಗಡೆಯ ಟಿಪ್ಪಣಿಯು ಹೀಗಿರಬಹುದು:

ಮತ್ತಾ. 13: 1–23. ವಿಷಯ: ಕೇಳುವ ಬಗೆ ನಾಲ್ಕು.
1. ದಾರಿಯ ಮಗ್ಗುಲು – ಹಕ್ಕಿ ತಿಂದಿತು – ಗ್ರಹಿಸದ ಮಾತು.
2. ಬಂಡೆನೆಲ – ಬೇರಿಲ್ಲ – ಕಷ್ಟ ಬಂದರೆ ಬಾಡುವುದು.
3. ಮುಳ್ಳು – ಚಿಂತೆ, ಐಶ್ವರ್ಯ – ಉಸಿರು ಕಟ್ಟುವುದು.
4. ಒಳ್ಳೆಯ ನೆಲ – 100, 60, 30.
ತತ್ತ್ವ: ಬೀಜ ಒಂದೇ, ನೆಲ ಬೇರೆ.
ದೃಷ್ಟಾಂತ: ರಾಗಿಹೊಲ (2ಕ್ಕೆ).
ಅನ್ವಯ: ಈ ವಾರ ನನ್ನ ಒಂದು ಮುಳ್ಳನ್ನು ಗುರುತಿಸು.
(ನ) ನೆಲವು ಬದಲಾಗಬಲ್ಲುದೆ?

ಸಾವಿರಾರು ಪದಗಳ ಪ್ರಸಂಗದಿಂದ ಉಳಿದುವು ಕೆಲವೇ ಸಾಲುಗಳು. ಆದರೆ ಇವುಗಳಿಂದ ಇಡೀ ಪ್ರಸಂಗವನ್ನು ಮತ್ತೆ ಕಟ್ಟಬಹುದು. ಮೊದಲನೆಯ ಮೂರು ಅಂಶಗಳಲ್ಲಿ ಪ್ರತಿಯೊಂದರಲ್ಲಿಯೂ ಮೂರು ಗಂಟುಗಳಿರುವುದನ್ನು ಗಮನಿಸಿರಿ. ಶಾಸ್ತ್ರವಾಕ್ಯವನ್ನು ನಕಲು ಮಾಡಿಲ್ಲ. ಅಧ್ಯಾಯ, ವಚನಗಳ ಸಂಖ್ಯೆಯನ್ನು ಮಾತ್ರ ಕೊಟ್ಟಿದೆ. ಮನೆಯಲ್ಲಿ ಸಿಕ್ಕುವ ಮಾತನ್ನು ಚರ್ಚಿನಲ್ಲಿ ಕುಳಿತು ಬರೆಯುವುದು ವ್ಯರ್ಥಶ್ರಮ. ಪುಸ್ತಕಗಳ ಹೆಸರುಗಳಿಗೆ ‘ಮತ್ತಾ.’, ‘ಕೀರ್ತ.’, ‘1 ಕೊರಿ.’ ಎಂಬ ರೂಢಿಯ ಸಂಕ್ಷೇಪಗಳೇ ಸಾಕು. ಪದೇ ಪದೇ ಬರುವ ಇತರ ಪದಗಳಿಗೆ ಮೊದಲನೆಯ ಅಕ್ಷರವನ್ನೂ ಒಂದು ಚುಕ್ಕೆಯನ್ನೂ ಹಾಕಿ ನಿಮ್ಮದೇ ಸಂಕ್ಷೇಪಗಳನ್ನು ಮಾಡಿಕೊಳ್ಳಬಹುದು; ಆದರೆ ಅವು ಹತ್ತು ಹನ್ನೆರಡನ್ನು ಮೀರಬಾರದು. ಮೀರಿದರೆ ಬ್ರೈಟನ ಲಿಪಿಯಲ್ಲಿ ಬರೆದವರ ಪಾಡೇ ನಮ್ಮದೂ ಆದೀತು.

ಭಾಷೆಯ ವಿಷಯದಲ್ಲಿ ಒಂದು ಮಾತು. ನಮ್ಮ ನಾಡಿನಲ್ಲಿ ಮನೆಮಾತೊಂದು, ಉಪದೇಶದ ಮಾತೊಂದು ಆಗಿರುವುದು ಅಪರೂಪವಲ್ಲ. ಮಂಗಳೂರಿನ ಕಡೆ ಕೊಂಕಣಿಯ ಉಪದೇಶವನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುವವರುಂಟು. ಇಂಗ್ಲಿಷ್ ಪ್ರಸಂಗವನ್ನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳುವವರೂ ಉಂಟು. ಭಾಷಾಂತರಿಸಲು ಕ್ಷಣಕಾಲ ಅರ್ಥವನ್ನು ಹುಡುಕಬೇಕಾಗುವುದರಿಂದ ಗ್ರಹಿಕೆಗೆ ಇದು ಒಳ್ಳೆಯದೇ. ಆದರೆ ವಿಷಯವು ಹೊಸದಾಗಿದ್ದು ಮಾತು ವೇಗವಾಗಿದ್ದರೆ ಕೇಳಿದ ಭಾಷೆಯಲ್ಲಿಯೇ ಬರೆದು, ಸಂಜೆ ತಿರುಗಿಸಿಕೊಳ್ಳುವುದು ಕ್ಷೇಮ.

ಕೈಬರಹವೇ ಬೇಕೆ, ಯಂತ್ರದಲ್ಲಿ ಬೆರಳಚ್ಚು ಮಾಡಬಹುದೆ ಎಂದು ಕೆಲವರು ಕೇಳುತ್ತಾರೆ. ಕೈಯಿಂದ ಬರೆದವರು ತಿಳಿವಳಿಕೆಯ ಪ್ರಶ್ನೆಗಳಿಗೆ ಹೆಚ್ಚು ಚೆನ್ನಾಗಿ ಉತ್ತರಿಸಿದರೆಂದು ಅಮೆರಿಕದ ಮ್ಯೂಲರ್ ಮತ್ತು ಒಪೆನ್‌ಹೈಮರ್ 2014ರಲ್ಲಿ ಪ್ರಕಟಿಸಿದರು. 2021ರಲ್ಲಿ ಬೇರೊಂದು ತಂಡವು ಆ ಪ್ರಯೋಗವನ್ನು ಮತ್ತೆ ಮಾಡಿದಾಗ ಉತ್ತರಗಳಲ್ಲಿ ಅಂತಹ ಸ್ಪಷ್ಟ ವ್ಯತ್ಯಾಸವು ಕಾಣಲಿಲ್ಲ. ಎರಡು ಪ್ರಯೋಗಗಳಲ್ಲಿಯೂ ಸಮಾನವಾಗಿ ಕಂಡುಬಂದುದು ಇಷ್ಟು: ಯಂತ್ರ ಹಿಡಿದವರು ಹೆಚ್ಚು ಪದಗಳನ್ನು, ಅದರಲ್ಲಿಯೂ ಉಪನ್ಯಾಸಕನ ಮಾತುಗಳನ್ನೇ ಹೆಚ್ಚಾಗಿ, ಇಳಿಸಿಕೊಂಡರು. ಆದಕಾರಣ ಸಾಧನವು ಯಾವುದೇ ಆಗಲಿ, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಮೊಟಕುಮಾಡುವ ಕೆಲಸವನ್ನು ಬಿಡಬಾರದು.

ಯಾರ ಮಾತು?

ಮೇಲಿನ ಮಾದರಿಯ ಕಡೆಯ ಸಾಲಿನಲ್ಲಿ ‘(ನ)’ ಎಂಬ ಗುರುತಿದೆ. ಅದು ‘ನನ್ನದು’ ಎಂಬುದರ ಸಂಕ್ಷೇಪ. ಅದು ಕೇಳುಗನಿಗೆ ಹೊಳೆದ ಪ್ರಶ್ನೆ, ಉಪದೇಶಕರ ಮಾತಲ್ಲ. ಇಷ್ಟು ಸಣ್ಣ ಗುರುತಿಗೆ ಇಷ್ಟು ಪ್ರಾಧಾನ್ಯವೇಕೆ? ಇತಿಹಾಸದ ಒಂದು ಪ್ರಸಂಗವನ್ನು ನೋಡಿರಿ.

1630ರ ದಶಕದಲ್ಲಿ ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಆ್ಯನ್ ಹಚಿನ್‌ಸನ್ ಎಂಬ ಗೃಹಿಣಿಯು ನೆರೆಹೊರೆಯ ಹೆಂಗಸರನ್ನು ಮನೆಗೆ ಕರೆದು, ಜಾನ್ ಕಾಟನ್ನನ ಪ್ರಸಂಗಗಳನ್ನು ಅವರ ಮುಂದೆ ಪುನಃ ಹೇಳಿ ಚರ್ಚಿಸುತ್ತಿದ್ದಳು. ಕ್ರಮೇಣ ಗಂಡಸರೂ ಬರತೊಡಗಿದರು. ಪುನರುಕ್ತಿಯು ವ್ಯಾಖ್ಯಾನವಾಯಿತು, ವ್ಯಾಖ್ಯಾನವು ಇತರ ಉಪದೇಶಕರ ವಿಮರ್ಶೆಯಾಯಿತು. 1637ರ ನವೆಂಬರಿನಲ್ಲಿ ಅವಳನ್ನು ವಿಚಾರಣೆಗೆ ಗುರಿಪಡಿಸಿದರು. ಸುಮಾರು ಒಂದು ವರ್ಷದ ಹಿಂದೆ ನಡೆದ ಮಾತುಕತೆಯಲ್ಲಿ ಅವಳು ಹೀಗೆಂದಳೆಂದು ಉಪದೇಶಕರು ಹೇಳಿದರು. ಅವರ ಹೇಳಿಕೆಗೂ ಆ ಮಾತುಕತೆಯ ಬರಹದ ಟಿಪ್ಪಣಿಗೂ ಹೊಂದಿಕೆಯಿಲ್ಲವೆಂದು ವಾದಿಸಿ, ಅವರು ಪ್ರಮಾಣಮಾಡಿ ಸಾಕ್ಷ್ಯ ನುಡಿಯಬೇಕೆಂದು ಅವಳು ಒತ್ತಾಯಪಡಿಸಿದಳು. ತೀರ್ಪಿಗೆ ಬೇರೆ ಕಾರಣಗಳೂ ಸೇರಿದುವು. 1638ರಲ್ಲಿ ಅವಳು ಗಡೀಪಾರಾಗಿ ವಸಾಹತನ್ನು ಬಿಟ್ಟು ಹೋಗಬೇಕಾಯಿತು. ಯಾರು ಏನೆಂದರು ಎಂಬ ಪ್ರಶ್ನೆಯ ಮೇಲೆ ಒಂದು ಸಂಸಾರದ ನೆಲೆಯೇ ನಿಂತಿತ್ತು.

ಅದೇ ಊರಿನ ವ್ಯಾಪಾರಿ ರಾಬರ್ಟ್ ಕೇಯ್ನನು ಅದೇ ಕಾಟನ್ನನ ಪ್ರಸಂಗಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟವನು. ಆ ಪುಸ್ತಕಗಳು ಉಳಿದುಬಂದು ವಿದ್ವಾಂಸರಿಗೆ ಆಕರಗಳಾಗಿವೆ. ಇದೇ ಕೇಯ್ನನಿಗೆ 1639ರಲ್ಲಿ ಸರಕನ್ನು ಅತಿಯಾದ ಬೆಲೆಗೆ ಮಾರಿದನೆಂದು ದಂಡ ವಿಧಿಸಿದರು! ಟಿಪ್ಪಣಿ ಬರೆದ ಮಾತ್ರಕ್ಕೆ ಉಪದೇಶವು ನಡತೆಗೆ ಇಳಿಯುವುದೆಂಬ ಭರವಸೆಯಿಲ್ಲ. ಮಾದರಿಯಲ್ಲಿ ‘ಅನ್ವಯ’ವೆಂಬ ಸಾಲನ್ನು ಬೇರೆಯಾಗಿಯೇ ಬರೆದಿರುವುದು ಇದಕ್ಕಾಗಿ.

ಮನೆಗೆ ಬಂದ ಮೇಲೆ

ಟಿಪ್ಪಣಿಗೆ ಎರಡು ಪ್ರಯೋಜನಗಳುಂಟೆಂದು ಡಿ ವೆಸ್ಟಾ ಮತ್ತು ಗ್ರೇ ಎಂಬ ಸಂಶೋಧಕರು 1972ರಲ್ಲಿ ವಿಂಗಡಿಸಿದರು. ಬರೆಯುವ ಕ್ರಿಯೆಯಿಂದಲೇ ಗ್ರಹಿಕೆಯು ಗಟ್ಟಿಯಾಗುವುದು ಒಂದು. ಬರೆದಿಟ್ಟದ್ದನ್ನು ಮುಂದೆ ನೋಡಲು ದೊರೆಯುವುದು ಇನ್ನೊಂದು. ಬರೆದು ಪೆಟ್ಟಿಗೆಯಲ್ಲಿಟ್ಟವನಿಗೆ ಮೊದಲನೆಯ ಲಾಭ ಮಾತ್ರ.

ನೋಡುವುದರಲ್ಲಿಯೂ ಕ್ರಮವುಂಟು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದ ಮೇಲೆ, ಒಂದು ಸಲ ಅದನ್ನೇ ಮತ್ತೆ ಓದಿದರು. ಇನ್ನೊಂದು ಗದ್ಯಭಾಗದ ವಿಷಯದಲ್ಲಿ, ಪುಟವನ್ನು ನೋಡದೆ ನೆನಪಿಗೆ ಬಂದುದನ್ನು ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದ ಭಾಗವೇ ಹೆಚ್ಚು ನೆನಪಿತ್ತು. ಆದರೆ ಒಂದು ವಾರದ ಬಳಿಕ ಮತ್ತೆ ಓದಿದ ಭಾಗದಲ್ಲಿ ನೂರಕ್ಕೆ 42ರಷ್ಟೂ, ನೆನಪಿನಿಂದ ಬರೆದ ಭಾಗದಲ್ಲಿ 56ರಷ್ಟೂ ಉಳಿದಿತ್ತು. ಮತ್ತೆ ಓದುವುದು ಸುಲಭ, ಹಿತ. ನೆನಪಿನಿಂದ ಎಳೆದು ತೆಗೆಯುವುದು ಶ್ರಮ. ಆ ಶ್ರಮವೇ ನೆನಪನ್ನು ಬೇರೂರಿಸುತ್ತದೆ.

ಈಗ ಹಳೆಯ ಪ್ಯೂರಿಟನ್ ಮನೆಗಳನ್ನು ನೆನೆಯಿರಿ. ಭಾನುವಾರ ಮನೆಗೆ ಮರಳಿದ ಮೇಲೆ ಮನೆಯ ಯಜಮಾನನು ಟಿಪ್ಪಣಿಯ ಪುಸ್ತಕವನ್ನು ಹಿಡಿದು ಮಕ್ಕಳನ್ನೂ ಆಳುಗಳನ್ನೂ ಕೂರಿಸಿಕೊಂಡು, ಆ ದಿನದ ಪ್ರಸಂಗದಲ್ಲಿ ಏನೇನು ಬಂದಿತೆಂದು ಅವರಿಂದಲೇ ಹೇಳಿಸುತ್ತಿದ್ದನು; ತಪ್ಪಿದ ಕಡೆ ಪುಸ್ತಕವನ್ನು ನೋಡಿ ತಿದ್ದುತ್ತಿದ್ದನು. ಎಬಿಂಗ್‌ಹೌಸನ ವಕ್ರರೇಖೆಯು ಕಡಿದಾಗಿ ಇಳಿಯುವ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದ ಪುನಃಸ್ಮರಣೆಯಿದು. ಬಾರ್ಟ್‌ಲೆಟ್ಟನು ಕಂಡ ತಪ್ಪು ನೆನಪಿಗೆ ಟಿಪ್ಪಣಿಯೇ ಅಂಕುಶ. ಅವರಿಗೆ ಮನಶ್ಶಾಸ್ತ್ರವು ಗೊತ್ತಿರಲಿಲ್ಲ. ಕೇಳಿದ್ದನ್ನು ಕಳೆದುಕೊಳ್ಳಬಾರದೆಂಬ ಆತುರವಿತ್ತು.

ವಿದ್ಯಾರ್ಥಿಗಳು ಇದನ್ನು ಹೀಗೆ ಅನುಸರಿಸಬಹುದು. ಅದೇ ದಿನ ಸಂಜೆ, ಪುಸ್ತಕವನ್ನು ತೆರೆಯುವುದಕ್ಕೆ ಮೊದಲು, ಐದು ನಿಮಿಷ ಪ್ರಸಂಗವನ್ನು ನೆನಪಿನಿಂದಲೇ ಯಾರಿಗಾದರೂ ಹೇಳಿರಿ. ಯಾರೂ ಇಲ್ಲದಿದ್ದರೆ ಬರೆಯಿರಿ. ಅನಂತರ ಟಿಪ್ಪಣಿಯೊಡನೆ ಹೋಲಿಸಿ, ಬಿಟ್ಟುಹೋದುದನ್ನು ಬೇರೆ ಬಣ್ಣದ ಮಸಿಯಲ್ಲಿ ತುಂಬಿರಿ. ಎಡದ ಅಂಚಿನಲ್ಲಿ ಪ್ರತಿ ಭಾಗಕ್ಕೂ ಒಂದು ಪ್ರಶ್ನೆಯನ್ನು ಬರೆಯಿರಿ: ‘ಬಂಡೆನೆಲದಲ್ಲಿ ಬೀಜವು ಮೊಳೆತರೂ ಏಕೆ ಉಳಿಯಲಿಲ್ಲ?’ ಕೆಳಗಿನ ಜಾಗದಲ್ಲಿ ಇಡೀ ಪ್ರಸಂಗದ ಸಾರವನ್ನು ಎರಡು ವಾಕ್ಯಗಳಲ್ಲಿ ಅಡಗಿಸಿರಿ. ಎರಡು ವಾಕ್ಯಗಳಲ್ಲಿ ಅಡಗದಿದ್ದರೆ ಇನ್ನೂ ಅರ್ಥವಾಗಿಲ್ಲವೆಂದು ತಿಳಿಯಬೇಕು. ಅಥವಾ ಉಪದೇಶಕರ ವಾದದಲ್ಲಿಯೇ ತೊಡಕಿದ್ದೀತು. ಎರಡರಲ್ಲಿ ಯಾವುದೆಂಬುದನ್ನು ಅವರನ್ನೇ ವಿನಯದಿಂದ ಕೇಳಬಹುದು. ಮರುವಾರ ಹೊರಡುವ ಮುನ್ನ ಬಲಭಾಗವನ್ನು ಅಂಗೈಯಿಂದ ಮುಚ್ಚಿ, ಎಡಭಾಗದ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿರಿ.

ರಸಾಯನಶಾಸ್ತ್ರದ ತರಗತಿಗೂ, ಸಾರ್ವಜನಿಕ ಉಪನ್ಯಾಸಕ್ಕೂ ಈ ಕ್ರಮವು ಒಪ್ಪುತ್ತದೆ. ಶಾಸ್ತ್ರವಾಕ್ಯದ ಸ್ಥಾನದಲ್ಲಿ ಒಂದು ಸೂತ್ರವಿರಬಹುದು, ದೃಷ್ಟಾಂತದ ಸ್ಥಾನದಲ್ಲಿ ಒಂದು ಪ್ರಯೋಗವಿರಬಹುದು. ಎಲ್ಲಿಯಾದರೂ ನಿಯಮವೊಂದೇ: ಕೇಳುವಾಗ ಕಡಿಮೆ ಬರೆದು ಹೆಚ್ಚು ಆಲೋಚಿಸಬೇಕು, ಹೇಳಿದವರ ಮಾತನ್ನೂ ನಮ್ಮ ಮಾತನ್ನೂ ಬೆರೆಸಬಾರದು, ಕತ್ತಲಾಗುವುದರೊಳಗೆ ಒಮ್ಮೆ ಪುಸ್ತಕವನ್ನು ಮುಚ್ಚಿ ನೆನೆಯಬೇಕು. ಇದಕ್ಕೆ ಬೇಕಾಗುವ ಸಾಧನಸಾಮಗ್ರಿಯೆಂದರೆ ಒಂದು ಲೇಖನಿ, ನಲವತ್ತು ಪುಟದ ಒಂದು ಪುಸ್ತಕ, ದಿನಕ್ಕೆ ಕಾಲು ಗಂಟೆಯ ಬಿಡುವು.